ತೋಳಿನ ತುದಿ

"ಏಯ್, ಅವಳ ಕೈ ಮುಟ್ಬೇಡ ಕಣೇ, ಅಂಟ್ಕೊಳ್ಳುತ್ತೆ!"

ಪಿ.ಟಿ. ಪಿರಿಯಡ್‌ನಲ್ಲಿ ಎಲ್ಲರೂ ಕೈ ಕೈ ಹಿಡಿದು ದುಂಡಗೆ ನಿಲ್ಲುತ್ತಿದ್ದಾಗ ಯಾರೋ ಕೂಗಿದರು. ಗುಬ್ಬಿ ಎಂಬ ಆ ಹುಡುಗಿ ಚಾಚಿದ ಕೈ ಹಾಗೇ ಉಳಿಯಿತು. ಕೈ ತುಂಬ ಕೆಂಪು ಗುಳ್ಳೆ, ಬೆರಳ ಸಂದಿಯಲ್ಲಿ ಬಿರುಕು. ಪಕ್ಕದಲ್ಲಿದ್ದ ಜೀವದ ಗೆಳತಿ ತನ್ನ ಸ್ವೆಟರಿನ ತೋಳನ್ನು ಎಳೆದು ಅದರ ತುದಿಯನ್ನಷ್ಟೇ ಕೊಟ್ಟಳು.

"ಇದನ್ನ ಹಿಡ್ಕೋ."

ಗುಬ್ಬಿ ಹಿಡಿದಳು. ಮಾರನೇ ದಿನದಿಂದ "ಕಾಲು ನೋವು ಮಿಸ್" ಎಂದು ಮೆಟ್ಟಿಲ ಮೇಲೆ ಒಬ್ಬಳೇ ಕೂರತೊಡಗಿದಳು. ಕಾಲೇನೋ ಗುಂಡುಕಲ್ಲಿನ ಹಾಗಿತ್ತು.

ಈಗ ಅವಳ ಕೈ ಮುಟ್ಟುತ್ತಿದ್ದವನು ಅಪ್ಪ ಒಬ್ಬನೇ. ಮನೆಯಲ್ಲಿ ಇದ್ದದ್ದೂ ಅವರಿಬ್ಬರೇ. ಸಿಟಿ ಬಸ್ ಓಡಿಸಿ ಎಷ್ಟೇ ಸುಸ್ತಾಗಿ ಬಂದರೂ ಅಪ್ಪ ಮೊದಲು ಹೂವಿನ ವಾಸನೆಯ ಕ್ರೀಮಿನ ಡಬ್ಬಿ ತೆಗೆಯುತ್ತಿದ್ದ. ಒರಟು ಬೆರಳಿನಿಂದ ಮೆತ್ತಗೆ ಹಚ್ಚುತ್ತಾ, "ಇವತ್ತು ಬಸ್ಸಿಗೆ ಒಂದು ಕೋಳಿ ಹತ್ತಿತ್ತು. ಕಂಡಕ್ಟರ್ ಟಿಕೆಟ್ ಅಂದ್ರೆ, ಕೊಕ್ಕೋ ಅಂತು!" ಎನ್ನುತ್ತಿದ್ದ. ಬಸ್ಸು ಓಡಿಸುವವನು ಮನೆಗೆ ಬಂದು ರೈಲು ಬಿಡುತ್ತಿದ್ದ. ಇಡೀ ದಿನದಲ್ಲಿ ಗುಬ್ಬಿ ನಗುತ್ತಿದ್ದದ್ದು ಆಗ ಮಾತ್ರ.

ಕೈ ವಾಸಿಯಾಗಲಿಲ್ಲ. ಅಪ್ಪ ಇನ್ನಷ್ಟು ಹಚ್ಚಿದ. ಅದು ಇನ್ನಷ್ಟು ಕೆಂಪಾಯಿತು.

ಕೊನೆಗೆ ಚರ್ಮದ ಡಾಕ್ಟರು, ಯಾವ ವಸ್ತು ಆಗಿಬರುವುದಿಲ್ಲವೆಂದು ತಿಳಿಯಲು, ಒಂದೊಂದರಲ್ಲಿ ಒಂದೊಂದು ವಸ್ತು ಸವರಿದ ಪುಟ್ಟ ಪಟ್ಟಿಗಳನ್ನು ಅವಳ ಬೆನ್ನಿಗೆ ಸಾಲಾಗಿ ಅಂಟಿಸಿ ಕಳಿಸಿದರು. ಎರಡು ದಿನ ಬೆನ್ನಿಗೆ ನೀರು ಸೋಕಿಸುವಂತಿಲ್ಲ, ಕೆರೆಯುವಂತಿಲ್ಲ. ಮತ್ತೆ ಹೋದಾಗ ಒಂದು ಪಟ್ಟಿಯ ಕೆಳಗೆ ಮಾತ್ರ ಚರ್ಮ ಕೆಂಪಗೆ ಉಬ್ಬಿತ್ತು.

"ಇದು ಅಲರ್ಜಿ. ಯಾರಿಗೂ ಅಂಟಲ್ಲ," ಎಂದ ಡಾಕ್ಟರು, ಅಪ್ಪ ಚೀಲದಲ್ಲಿ ತಂದಿದ್ದ ಸೋಪು, ಶಾಂಪೂ, ಕ್ರೀಮುಗಳ ಮೇಲಿನ ಇರುವೆಯಂಥ ಅಕ್ಷರಗಳನ್ನು ಓದಿದರು. "ಕೆಡದೇ ಇರ್ಲಿ ಅಂತ ಇಂಥದ್ರಲ್ಲಿ ಪ್ರಿಸರ್ವೇಟಿವ್ ಹಾಕಿರ್ತಾರೆ. ತುಂಬಾ ಜನಕ್ಕೆ ಏನೂ ಆಗಲ್ಲ. ಇವಳಿಗೆ ಅದ್ರಲ್ಲಿ ಒಂದು ಆಗಿಬರಲ್ಲ. ಈ ಕ್ರೀಮಲ್ಲೇ ಇದೆ ನೋಡಿ."

ಅಪ್ಪನ ಮುಖ ಸಪ್ಪಗಾಯಿತು. "ನಾನೇ ಹಚ್ತಿದ್ದೆ ಡಾಕ್ಟ್ರೇ... ದಿನಾ."

ಆಸ್ಪತ್ರೆಯ ಗೇಟಿನ ಬಳಿ, ರಸ್ತೆ ದಾಟಲು ಗುಬ್ಬಿ ಕೈ ಚಾಚಿದಳು. ಅಪ್ಪ ತನ್ನ ಅಂಗೈ ಮೂಸಿ ನೋಡಿಕೊಂಡ. ಆಮೇಲೆ ಅಂಗಿಯ ತೋಳನ್ನು ಎಳೆದು ತುದಿ ಕೊಟ್ಟ.

"ಇದನ್ನ ಹಿಡ್ಕೋ ಮಗಳೇ. ನನ್ ಕೈಯಲ್ಲಿ ಇನ್ನೂ ಅದ್ರ ವಾಸನೆ ಇದೆ."

ಗುಬ್ಬಿ ಆ ತುದಿ ಹಿಡಿದಳು. ಅಪ್ಪನೂ? ತಲೆಯೆತ್ತಿ ನೋಡಿದಳು. ಅಪ್ಪನ ಕಣ್ಣು ತುಂಬಿತ್ತು.

ಅವಳ ಕೈ ಇನ್ನಷ್ಟು ಕೆಟ್ಟೀತೆಂದು ಅಪ್ಪನಿಗೆ ಹೆದರಿಕೆ, ಅಷ್ಟೇ. ಗೆಳತಿಗೂ ಅವತ್ತು ಹೆದರಿಕೆಯೇ ಆಗಿತ್ತೇನೋ.

ಅವಳು ಅದೇ ತೋಳನ್ನು ಹಿಡಿದು ಅಪ್ಪನನ್ನು ಗೇಟಿನ ಪಕ್ಕದ ನಲ್ಲಿಗೆ ಎಳೆದುಕೊಂಡು ಹೋದಳು. "ತೊಳ್ಕೋ."

ಅಪ್ಪ ಮೊಣಕೈವರೆಗೂ ಉಜ್ಜಿ ಉಜ್ಜಿ ತೊಳೆದು, ಪ್ಯಾಂಟಿಗೆ ಒರೆಸಿಕೊಂಡ. ಗುಬ್ಬಿ ಬಗ್ಗಿ ಮೂಸಿದಳು. ಹೂವಿನ ವಾಸನೆ ಹೋಗಿತ್ತು. ಬಸ್ಸಿನ ವಾಸನೆ ಇನ್ನೂ ಇತ್ತು.

ಅವಳು ತೋಳು ಬಿಟ್ಟು ಕೈ ಹಿಡಿದುಕೊಂಡಳು.

"ಅಪ್ಪಾ, ಆ ಕೋಳಿ ಆಮೇಲೆ ಟಿಕೆಟ್ ತಗೊಳ್ತಾ?"