ಗ್ಯಾಸಬತ್ತಿಯ ಬೆಳಕಿನಲ್ಲಿ ಹೊಳೆ

"ಏಯ್! ಕೈ ತೆಗೀರಿ! ಯಾರು ನೀವು?"

ಬನಹಟ್ಟಿಯ ನಾಟಕದ ತಗಡಿನ ಶೆಡ್ಡಿನ ಬಾಗಿಲಲ್ಲೇ ಅಲಕಾ ನಿಂತುಬಿಟ್ಟಳು.

ಅವಳು ಬೇಸಿಗೆಯಿಡೀ ಕೂತು ಬರೆದಿದ್ದ ಪರದೆ! ಗಲಗಲಿಯ ಕೃಷ್ಣಾ ಹೊಳೆ, ಅದರ ಮೇಲೆ ಬೆಳಗಿನ ತೆಳು ಹಳದಿ ಆಕಾಶ... ಆ ಹಳದಿಯ ಮೇಲೆ ಅಪರಿಚಿತನೊಬ್ಬ ದಪ್ಪ ಕುಂಚದಿಂದ ಕಾವಿ ಬಣ್ಣ ಎಳೆಯುತ್ತಿದ್ದ. ಎಡಗಡೆಯ ಅರ್ಧ ಆಗಲೇ ಮುಗಿದಿತ್ತು.

"ನಾನು ಸದಾಶಿವ. ಇಲ್ಲಿ ಸಾಲ್ಯಾಗ ಡ್ರಾಯಿಂಗ್ ಮಾಸ್ತರ," ಎಂದ ಅವನು. "ಮಂಡಳಿ ಯಜಮಾನ ಹುಲೆಪ್ಪನವರು ಪರದೆ ನೋಡ್ರಿ ಅಂದ್ರು. ನಾಳೆ ನಾಟಕಕ್ಕ ಇದು ನಡೆಯೂದಿಲ್ಲ."

"ನಡೆಯೂದಿಲ್ಲ ಅನ್ನಲಿಕ್ಕೆ ನೀವು ಯಾರ್ರೀ?"

"ಮುಂಬೈ ಕಲಾಶಾಲ್ಯಾಗ ಕಲ್ತು ಬಂದವ." ಅವನ ದನಿಯಲ್ಲಿ ಜಂಬವಿರಲಿಲ್ಲ, ಅವಸರವಿತ್ತು. "ಹಾಡೂ ನಿಮ್ಮದಂತ, ಉಡುಪೂ ನಿಮ್ಮದಂತ, ಪರದೇನೂ ನಿಮ್ಮದಂತ. ಇಷ್ಟೆಲ್ಲಾ ಒಮ್ಮೆಲೇ ಹಿಡಿದ್ರ ಹಿಂಗs ಆಗ್ತದ."

ಅಲಕಾಳ ಕಣ್ಣು ತುಂಬಿತು. ಅವನೆದುರು ಅಳಬಾರದೆಂದು ಹೊರಗೆ ಓಡಿದಳು.

ಮುಂಬೈ! ಅವಳು ಹಗಲಿರುಳು ಕನಸು ಕಾಣುತ್ತಿದ್ದದ್ದೂ ಅದೇ ಕಲಾಶಾಲೆಯನ್ನು. ಜಮಖಂಡಿ ಸಂಸ್ಥಾನ ಮುಂಬಯಿ ರಾಜ್ಯಕ್ಕೆ ಸೇರಿದ ಮೇಲೆ ಸರ್ಕಾರಿ ನೌಕರರಾಗಿದ್ದ ಅವಳ ತಂದೆ ಪಾಂಡುರಂಗರಾಯರು ಆ ಆಸೆ ಕೇಳಿ ಬೈಯಲಿಲ್ಲ, ಬೇಡವೆನ್ನಲೂ ಇಲ್ಲ. "ನಾಟಕಾ ನೋಡಲಿಕ್ಕೆ ಬನಹಟ್ಟಿಗೆ ಬರ್ತೀನಿ. ಹಾಡು, ಕಸೂತಿ, ಪದಾ ಕಟ್ಟೂದು, ಚಿತ್ರ... ಯಾವುದರ ಮ್ಯಾಲೆ ಬದುಕ್ತೀ ಅಂತ ಅವತ್ತು ಒಂದು ಹೇಳು. ಹೇಳಲಿಕ್ಕೆ ಆಗಲಿಲ್ಲಂದ್ರ ಬೆಳಗಾವಿ ವರಾ ನಿಶ್ಚೇ," ಎಂದಿದ್ದರು.

ನಾಟಕಕ್ಕೆಂದು ಉಳಿದುಕೊಂಡಿದ್ದ, ಪಕ್ಕದ ರಬಕವಿಯ ಸೋದರತ್ತೆ ಕೃಷ್ಣಾಬಾಯಿಯ ಮನೆಗೆ ಮರಳಿದರೆ ಅಲ್ಲೂ ಅದೇ ಮಾತು.

"ನಾಕು ಒಲಿ ಹೊತ್ತಿಸ್ತಿ, ಒಂದರ ಮ್ಯಾಲೂ ಅನ್ನ ಬೇಯೂದಿಲ್ಲ! ಬೆಳಗಾವಿ ಹುಡುಗ ಛಲೋ ಇದ್ದಾನ, ಸುಮ್ಮನ ಹೂಂ ಅನ್ನು."

'ಅತ್ಯಾ ಹೇಳೂದs ಖರೆ ಇರಬೇಕು... ಆ ಮಾಸ್ತರನೂ ಅದನ್ನೇ ಹೇಳಿದ. ನನಗೆ ಎಲ್ಲವೂ ಅರ್ಧರ್ಧ!'

ಚಿತ್ರದ ಆಸೆಯನ್ನು ಅಂದೇ ಮನಸ್ಸಿನಲ್ಲಿ ಮುಚ್ಚಿಟ್ಟಳು.

ಮರುದಿನ ಬೆಳಿಗ್ಗೆ ಹಾಡಿನ ತಾಲೀಮಿಗಷ್ಟೇ ಹೋದಳು. ಹಗಲಾದರೂ, ರಾತ್ರಿಯ ನಾಟಕದಂತೆಯೇ ಇರಲೆಂದು ಹುಲೆಪ್ಪ ಶೆಡ್ಡಿನ ಬಾಗಿಲುಗಳನ್ನೆಲ್ಲ ಮುಚ್ಚಿಸಿ, ಗ್ಯಾಸಬತ್ತಿಗಳನ್ನು ಹಚ್ಚಿಸಿದ್ದ. ಹಗಲೆಲ್ಲ ಮಗ್ಗದ ಮುಂದೆ ಕೂರುವ ಹುಲೆಪ್ಪ ನಾಟಕ ಬಂತೆಂದರೆ ರಾಕ್ಷಸನ ಪಾತ್ರಧಾರಿ, ನಾಟಕ ಮಂಡಳಿಯ ಯಜಮಾನನೂ ಅವನೇ.

ಪರದೆ ಇಳಿಯಿತು. ಅಲಕಾ ಕಲ್ಲಾದಳು.

ಸದಾಶಿವ ಮುಟ್ಟದ ಬಲಗಡೆ, ಅವಳ ತೆಳು ಹಳದಿ ಆಕಾಶವೇ ಇರಲಿಲ್ಲ! ಗ್ಯಾಸಿನ ಬೆಳಕಿನಲ್ಲಿ ಹಳದಿ ಬರೀ ಬಿಳಿ ಬಟ್ಟೆಯಾಗಿತ್ತು, ನೀಲಿ ಹೊಳೆ ಇದ್ದಿಲಾಗಿತ್ತು. ಹಗಲಿನ ಬಿಸಿಲಲ್ಲಿ ಕೂತು ಗ್ಯಾಸಿನ ಬೆಳಕಿನ ಪರದೆ ಬರೆದಿದ್ದಳು ಅವಳು.

ಎಡಗಡೆ ಮಾತ್ರ ಆಕಾಶವಿತ್ತು.

ಮೂಲೆಯಲ್ಲಿ ಕುಂಚ ಕಟ್ಟಿಕೊಂಡು ಹೊರಡುತ್ತಿದ್ದ ಸದಾಶಿವನ ಮುಂದೆ ಹೋಗಿ ನಿಂತಳು.

"ಇದನ್ನ ಬಾಯಿ ಬಿಟ್ಟು ಹೇಳಬಾರದಾಗಿತ್ತೇನು? ಹೇಳಿದ್ರ ನಾನs ತಿದ್ದತಿದ್ದೆ!"

ಅವನು ತಲೆ ತಗ್ಗಿಸಿದ. "ಹೇಳಬೇಕಾಗಿತ್ತು. ಮುಂಬೈದಾಗ ನಮ್ಮ ಮಾಸ್ತರರು ನನ್ನ ಚಿತ್ರದ ಮ್ಯಾಲೆ ಹಿಂಗs ಕುಂಚ ಆಡಿಸಿದ್ರು. ಅವತ್ತು ಊಟಾ ಬಿಟ್ಟಿದ್ದೆ. ನಿನ್ನೆ ನಾನೂ ಅದನ್ನs ಮಾಡಿದೆ... ತಪ್ಪಾತು."

ಅಲಕಾ ಪರದೆಯತ್ತ ಕಣ್ಣು ಕಿರಿದು ಮಾಡಿ ನೋಡಿದಳು.

"ನಿಮ್ಮದೂ ಸರಿ ಆಗಿಲ್ಲ. ಆಕಾಶಕ್ಕ ಬೆಂಕಿ ಬಿದ್ದಂಗ ಕಾಣ್ತದ. ಕಾವಿಗೆ ಸುಣ್ಣಾ, ಒಂಚೂರು ಗುಲಾಲ ಕೂಡಿಸಬೇಕು. ಹೊಳಿಗೆ ಹಸರು."

ಸದಾಶಿವ ಬೆರಗಾಗಿ ಅವಳನ್ನೇ ನೋಡಿದ. ಹುಲೆಪ್ಪ ಹೌಹಾರಿದ.

"ಅಕ್ಕಾರ, ಸಂಜೀಕs ನಾಟಕ ಐತಿ! ಬಣ್ಣಾ ಬಳಕೋತ ಕುಂತ್ರ ಹಾಡು ಯಾರು ಹಾಡ್ತಾರ್ರೀ? ನಾ ಹಾಡಿದ್ರ ಮಂದಿ ಎದ್ದು ಓಡ್ತಾರು!"

ಊರೇ ಮೆಚ್ಚುವ ದನಿ ಅಲಕಾಳದು. ಆ ಹಾಡು ಕಟ್ಟಿದವಳೂ ಅವಳೇ. ಹಾಡಿದರೆ ಚಪ್ಪಾಳೆ ಖಂಡಿತ... ಪರದೆಗೆ ಆ ಖಾತರಿ ಇರಲಿಲ್ಲ.

"ನಮ್ಮ ತಾಲೀಮಿಗೆ ಬರೂ ಅನಸವ್ವಗ ಈ ಹಾಡು ಬರ್ತದ. ಆಕಿನ್ನ ಕರಸ್ರಿ," ಎಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಸದಾಶಿವ ಅಂಟು ಕಾಯಿಸಿ ಬಣ್ಣ ಕಲಸಿ ಕೊಟ್ಟ. ಕುಂಚ ಮುಟ್ಟಲಿಲ್ಲ. ತಗಡಿನ ಕೆಳಗಿನ ಬಿಸಿಗೆ ಬಣ್ಣ ಬೇಗ ಬೇಗ ಒಣಗುತ್ತಿತ್ತು. ಬೆವರು ಒರೆಸಿಕೊಳ್ಳಲೂ ಪುರುಸೊತ್ತಿಲ್ಲದೆ ಅವಳು ಬರೆದಳು. ಮೊದಲ ಗಂಟೆ ಹೊಡೆದಾಗಲೂ ಬರೆಯುತ್ತಲೇ ಇದ್ದಳು!

ಅನಸವ್ವನ ಹಾಡಿನೊಂದಿಗೆ ತೆರೆ ಸರಿಯಿತು. ಜನ ಗಪ್ಪಾದರು.

'ಮುಗೀತು... ಕೆಟ್ಟೇ ಹೋಯ್ತು!'

ಅಷ್ಟರಲ್ಲಿ ಹಿಂದಿನಿಂದ ಯಾರೋ ಕೂಗಿದರು, "ಏ, ನಮ್ಮ ಗಲಗಲಿ ಹೊಳಿ ನೋಡಲೇ! ಹೊತ್ತು ಮೂಡಾಕತ್ತೈತಿ!"

ಅಲಕಾ ಬಾಯಿಗೆ ಸೆರಗು ಒತ್ತಿಕೊಂಡಳು.

ಮಧ್ಯಂತರದಲ್ಲಿ ಪಾಂಡುರಂಗರಾಯರು ರಂಗದ ಹಿಂದೆ ಬಂದರು. ಮಗಳ ಕೈತುಂಬ ಬಣ್ಣ.

"ನೀ ಯಾಕ ಹಾಡಲಿಲ್ಲ?"

"ಚಿತ್ರಾ ಬರೀಲಿಕ್ಕತ್ತಿದ್ದೆ ಅಪ್ಪಾ. ಅದರ ಮ್ಯಾಲೇ ಬದುಕ್ತೀನಿ. ಉಳಿದದ್ದು ನನ್ನ ಜೋಡಿ ಬಂದಷ್ಟು ಬರಲಿ."

ಅವರು ಮಗಳ ಬಣ್ಣದ ಕೈಯನ್ನು ತಿರುಗಿಸಿ ನೋಡಿದರು. "ಮುಂಬೈದಾಗ ಸೆಕಿ ಭಾಳ. ತೆಳು ಸೀರಿ ತಗೋ," ಎಂದಷ್ಟೇ ಹೇಳಿ ಟಾಂಗಾದತ್ತ ಹೊರಟರು.

ಅಲಕಾ ಅಳುತ್ತ ನಕ್ಕಳು. ತಿರುಗಿದರೆ ಸದಾಶಿವ.

"ಜಮಖಂಡಿ ಪ್ರದರ್ಶನದಾಗ ನಿಮ್ಮ ಚಿತ್ರ ನೋಡಿದ್ದೆ," ಎಂದ ಅವನು ಮೆಲ್ಲಗೆ. "ಬರದವರನ್ನ ಕಾಣಬೇಕಂತ ಅವತ್ತಿನಿಂದ ಆಸೆ ಇತ್ತು. ಕಂಡ ದಿನಾನs ನಿಮ್ಮನ್ನ ಅಳಿಸಿದೆ... ಈಗ ಅಲಕಾ, ನೀವಿಲ್ಲದ ಬನಹಟ್ಟಿ ನನಗ ಹೆಂಗ ಕಾಣ್ತದೋ ಗೊತ್ತಿಲ್ಲ."

ಅವಳ ಕೆನ್ನೆ ಕೆಂಪಾಯಿತು. "ಕಲಿಯೂದು ಮುಗಿಯೂತನಕಾ ಕಾಯಬೇಕಾಗ್ತದ."

"ಕಾಯ್ತೀನಿ."

"ಹಂಗಾದ್ರ... ಸಾಲಿ ಸೂಟಿ ಬಿಟ್ಟು ನಾ ಊರಿಗೆ ಬಂದಾಗ ಅಪ್ಪನ್ನ ಭೆಟ್ಟಿಯಾಗ್ರಿ."

"ಸೂಟೀತನಕಾ ಯಾಕ?" ಸದಾಶಿವ ಆಗಲೇ ಚಪ್ಪಲಿ ಮೆಟ್ಟುತ್ತಿದ್ದ. "ಅವರು ಇನ್ನೂ ಟಾಂಗಾ ಹತ್ತಿಲ್ಲ!"