ತೀರ್ಪು ಓದುವ ಇಬ್ಬರು

"ಸ್ವಲ್ಪ ನೋಡ್ರಿ... ಈ ನ್ಯಾಯಮೂರ್ತಿಗಳು ಬಹುಮತದ ಕಡೆ ಅದಾರೋ, ಇಲ್ಲೋ?"

ಕೆಲಸಕ್ಕೆ ಸೇರಿದ ಮೊದಲ ದಿನ ಅಂಜನಾ ಕೇಳಿದ್ದು ಇಷ್ಟೇ. ಎದುರಿಗೆ ಕುಳಿತಿದ್ದ ಶಿವಶರಣ ಅವಳ ಮುಖ ನೋಡಿದ, ಕೆಂಪಾದ, ಲ್ಯಾಪ್‌ಟಾಪ್ ಮುಚ್ಚಿಕೊಂಡು ಎದ್ದು ಹೊರಟೇ ಹೋದ!

'ಎಷ್ಟು ಸೊಕ್ಕು ಇವಗ!'

ಕಲಬುರಗಿಯ ಆ ಕಾನೂನು ಕಾಲೇಜಿನಲ್ಲಿ ಇಬ್ಬರದೂ ಒಂದೇ ಕೆಲಸ. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ವರ್ಷವಿಡೀ ಕೊಟ್ಟ ತೀರ್ಪುಗಳನ್ನು ಓದಿ, ಯಾವ ನ್ಯಾಯಮೂರ್ತಿ ಯಾರ ಜೊತೆ ನಿಂತರು, ಯಾರು ಭಿನ್ನಮತ ಬರೆದರು ಎಂದು ಗುರುತು ಹಾಕಬೇಕು. ಒಂದೇ ತೀರ್ಪನ್ನು ಇಬ್ಬರೂ ಬೇರೆ ಬೇರೆ ಓದಬೇಕು. ಮುಗಿಯುವವರೆಗೆ ಅದರ ಮಾತು ಆಡಕೂಡದು. ಇಬ್ಬರ ಗುರುತು ತಾನಾಗಿಯೇ ಕೂಡಿದರೆ ಅಂಕಿಅಂಶಕ್ಕೆ ಬೆಲೆ.

ನಿಯಮ ಅವಳಿಗೂ ಆಮೇಲೆ ತಿಳಿಯಿತು. ಆದರೆ ಇವನು? ಊಟಕ್ಕೆ ಕರೆದರೂ ಎದ್ದು ಹೋಗುತ್ತಿದ್ದ. ಬಸ್ಸು ತಪ್ಪಿತೆಂದು ಗೊಣಗಿದರೂ ಎದ್ದು ಹೋಗುತ್ತಿದ್ದ. ಅಷ್ಟಾಗಿಯೂ ಅವಳು ಬರುವಷ್ಟರಲ್ಲಿ ಟೇಬಲ್ ಫ್ಯಾನು ಅವಳ ಕುರ್ಚಿಯ ಕಡೆಗೇ ತಿರುಗಿರುತ್ತಿತ್ತು... ಅದಂತೂ ಇನ್ನಷ್ಟು ತಲೆ ಕೆಡಿಸುತ್ತಿತ್ತು!

ಕಮಲಾಪುರದ ಮನೆಯಲ್ಲಿ ಅವ್ವ ಪುತಳಾಬಾಯಿಯ ಕಾಟ ಬೇರೆ. ಹಿಟ್ಟು ನಾದುತ್ತಲೇ ಕೇಳಿದಳು, "ರವಿವಾರ ಮಹಾಗಾಂವದವ್ರು ನಿನ್ನ ನೋಡಾಕ ಬರ್ತಾರ. ಮನಸಿನಾಗ ಯಾರರ ಇದ್ರ ಈಗೇ ಹೇಳಿಬಿಡು."

'ಅದಾನಬೇ... ಆದ್ರ ಅವನ ಮನಸಿನಾಗ ಏನದ ಅಂತ ಯಾರಿಗಿ ಕೇಳ್ಲಿ?'

ಶನಿವಾರ ಇಬ್ಬರ ಗುರುತುಗಳನ್ನು ಹೋಲಿಸಿದರು. ಎಲ್ಲವೂ ಕೂಡಿದವು, ಒಂದು ತೀರ್ಪು ಮಾತ್ರ ಕೂಡಲಿಲ್ಲ. ಅಲ್ಲಿ ಒಬ್ಬ ನ್ಯಾಯಮೂರ್ತಿ ತೀರ್ಮಾನಕ್ಕೆ ಒಪ್ಪಿ, ಕಾರಣ ಮಾತ್ರ ಬೇರೆ ಬರೆದಿದ್ದರು.

"ಇವ್ರು ಒಪ್ಯಾರ್ರೀ," ಎಂದ ಶಿವಶರಣ.

"ಕಾರಣಾನೇ ಬ್ಯಾರೆ ಅಂದಮ್ಯಾಲ ಅದೆಂಥಾ ಒಪ್ಪಿಗಿ? ಬ್ಯಾರೆ ಸಾಲಿನಾಗ ಹಾಕ್ರಿ!"

"ಹೂಂ. ಹಾಕ್ತೀನಿ."

ಅಂಜನಾಳ ತಾಳ್ಮೆ ಹರಿಯಿತು. "ವಾದಾನೂ ಮಾಡಂಗಿಲ್ಲೇನ್ರಿ? ಇಷ್ಟು ದಿನ ಮಾತಾಡ್ಸಿದ್ರ ಎದ್ದು ಹೋದ್ರಿ, ಈಗ ಎಲ್ಲಾದಕ್ಕೂ ಹೂಂ!"

"ಅದಕ್ಕೇ ಎದ್ದು ಹೋಗ್ತಿದ್ದೆ." ಅವನು ಮೇಜನ್ನೇ ನೋಡುತ್ತಿದ್ದ. "ನೀವು ಏನಂದ್ರೂ ನನಗ ಖರೇ ಅನಸ್ತದ. ಕೂತಿದ್ರ ನೀವು ಹಾಕಿದ ಗುರ್ತೇ ನಾನೂ ಹಾಕ್ತಿದ್ದೆ... ವರ್ಷದ ಲೆಕ್ಕಾನೇ ಕೆಡ್ತಿತ್ತು."

ನಗು ಬಂತೋ, ಅಳು ಬಂತೋ... ಅವಳಿಗೇ ತಿಳಿಯಲಿಲ್ಲ.

"ನಾಳೆ ನನ್ನ ನೋಡಾಕ ಬರಾಕತ್ತಾರ. ಗೊತ್ತೇನು?"

ಅವನ ಮುಖ ಬಿಳುಚಿತು. "ಹಂಗಾದ್ರ ಈಗಿನ ಬಸ್ಸಿಗೇ ನಾನೂ ಬರ್ತೀನಿ. ನಿಮ್ಮ ಅವ್ವಾರಿಗಿ ಕೇಳ್ತೀನಿ."

"ಮೊದ್ಲ ನನಗ ಕೇಳಬೇಕಲ್ರೀ!"

"ಕೇಳಾಕತ್ತೀನಿ... ನನ್ನ ಮದುವಿ ಆಗ್ತೀರೇನು?"

ಅಂಜನಾ ಅವ್ವನಿಗೆ ಫೋನು ಹಚ್ಚಿದಳು.

"ಅವ್ವಾ, ಮಹಾಗಾಂವದವ್ರಿಗಿ ಬರಬ್ಯಾಡ್ರಿ ಅಂತ ಹೇಳು. ಇವತ್ತ ಎರಡು ರೊಟ್ಟಿ ಹೆಚ್ಚಿಗಿ ಬಡಿ."

"ಯಾರಿಗೇ?!"

ಅವಳು ಫೋನನ್ನು ಅವನ ಕಿವಿಗೆ ಹಿಡಿದಳು.

"ಅವ್ವಾರ... ನಾ ಶಿವಶರಣ..."

"ಬರೇ ಹೆಸರು ಹೇಳಿದ್ರ ಹ್ಯಾಂಗ್ರೀ!" ಅವನ ತೋಳು ಹಿಡಿದು ಅಂಜನಾ ಪಿಸುಗುಟ್ಟಿದಳು. "ನಿಮ್ಮ ಅಳಿಯಾ ಆಗಾಂವ, ಅನ್ರಿ..."