ಮುಚ್ಚಳದ ಮೇಲಿನ ನಕ್ಷತ್ರ

ಶುಕ್ರವಾರ, ಜೂನ್ 14, ಬೆಳಿಗ್ಗೆ 10.40. ರೆಸೀಫೆ ನಗರದ ಸಾಬಿಯಾ ಗುಡ್ಡದ ಬುಡದಲ್ಲಿರುವ ಪೊಲೀಸ್ ಠಾಣೆಗೆ ನರ್ಸ್ ಜೊಸೆಲಿತಾ ಬಂದಳು. ಪಾಳಿ ಮುಗಿಸಿ ಮನೆಗೂ ಹೋಗದೆ ನೇರ ಬಂದಿದ್ದಳು. ಕಂಕುಳಲ್ಲಿ ಆಸ್ಪತ್ರೆಯ ತುರ್ತು ವಿಭಾಗದ ರಿಜಿಸ್ಟರ್ ಇತ್ತು. ಇನ್‌ಸ್ಪೆಕ್ಟರ್ ಜುರಾಸಿ ತನ್ನ ಕಾಫಿಯನ್ನೇ ಅವಳ ಮುಂದೆ ಸರಿಸಿದ.

"ಏನ್ ಸಿಸ್ಟರ್, ಯಾರ್ನ ಹಿಡೀಬೇಕು?"

"ಅದು ಗೊತ್ತಿದ್ರೆ ನಿಮ್ಮ ಹತ್ರ ಯಾಕೆ ಬರ್ತಿದ್ದೆ ಸಾರ್? ಮೊದ್ಲು ಇದನ್ನ ನೋಡಿ."

ಹದಿಮೂರು ದಿನಗಳಲ್ಲಿ ನಲವತ್ತೊಂದು ಸುಟ್ಟಗಾಯಗಳು. ಕಾರಣದ ಕಾಲಮ್ಮಿನಲ್ಲಿ ಮೇಲಿಂದ ಕೆಳಗಿನವರೆಗೆ ಒಂದೇ ಮಾತು: ಸಾವ್ ಜೊವಾವ್ ಹಬ್ಬ. ಜೂನ್ ಬಂತೆಂದರೆ ಇಲ್ಲಿ ಮನೆಮನೆಯ ಮುಂದೆ ಸೌದೆ ಒಟ್ಟಿ ಬೆಂಕಿ ಹಚ್ಚುತ್ತಾರೆ, ಪಟಾಕಿ ಹೊಡೆಯುತ್ತಾರೆ. ಸುಟ್ಟುಕೊಂಡು ಬಂದವರನ್ನು ಆಸ್ಪತ್ರೆಯ ಗುಮಾಸ್ತ ಏನೂ ಕೇಳುವುದಿಲ್ಲ, ಹಬ್ಬ ಎಂದು ಗೀಚಿ ಮುಂದಿನವರನ್ನು ಕರೆಯುತ್ತಾನೆ. ವರ್ಷಾ ವರ್ಷಾ ಹೀಗೇ ನಡೆದಿದೆ, ಕೇಳಿದವರಿಲ್ಲ.

"ಇದ್ರಲ್ಲಿ ಐದು ಸುಳ್ಳು ಸಾರ್. ಪಟಾಕಿ ಬೆರಳು ಸುಡುತ್ತೆ, ಬೆಂಕಿ ಕಾಲು ಸುಡುತ್ತೆ. ಈ ಐದು ಜನ ಹೆಂಗಸರಿಗೆ ಮುಖ, ಎದೆ, ಬಲಗೈ. ಸುಟ್ಟಿದ್ದಲ್ಲ, ಬೆಂದಿದ್ದು. ಗಾಯದಿಂದ ಬೀನ್ಸ್ ಕಾಳಿನ ಸಿಪ್ಪೆ ತೆಗೆದಿದ್ದೀನಿ, ನನ್ನ ಕೈಯಾರೆ."

"ಕುಕ್ಕರ್?"

"ಕುಕ್ಕರೇ. ಐದೂ ಸಾಬಿಯಾ ಗುಡ್ಡದ್ದು. ಐದೂ ಹನ್ನೊಂದರಿಂದ ಹನ್ನೆರಡರ ಒಳಗೆ ಸಿಡಿದಿದ್ದು." ಅವಳು ಗೋಡೆಯ ಕ್ಯಾಲೆಂಡರ್ ತೋರಿಸಿದಳು. "ನಾಳೆ ಶನಿವಾರ ಸಾರ್."

ಜುರಾಸಿ ರಿಜಿಸ್ಟರ್ ಮುಚ್ಚಿ ಎದ್ದ. ಶನಿವಾರ ಮಧ್ಯಾಹ್ನ ಆ ಗುಡ್ಡದಲ್ಲಿ ಹಂದಿಮಾಂಸ ಹಾಕಿದ ಬೀನ್ಸ್ ಬೇಯದ ಮನೆ ಒಂದೂ ಇರುವುದಿಲ್ಲ.

11.30ಕ್ಕೆ ಅವನು, ಕಾನ್‌ಸ್ಟೆಬಲ್ ವಾಂಡರ್ಲೇ ಇಬ್ಬರೂ ಆಸ್ಪತ್ರೆಯಲ್ಲಿದ್ದರು. ಆ ಐವರಲ್ಲಿ ಒಬ್ಬಳಾದ, ಐವತ್ತೆರಡು ವರ್ಷದ ಮಾರಿನಾಲ್ವಾಳ ಮುಖಕ್ಕೆಲ್ಲ ಪಟ್ಟಿ. ಎಡಗಣ್ಣು ಹೋಗಿತ್ತು.

"ಕುಕ್ಕರ್ ಯಾರು ರಿಪೇರಿ ಮಾಡಿದ್ದಮ್ಮಾ?"

"ಅಡೆರ್ಬಾಲ್. ಅವನಿಗೇನೂ ಮಾಡ್ಬೇಡಿ, ಪಾಪದವನು. ತಪ್ಪು ನಂದೇ, ಕಾಳು ಜಾಸ್ತಿ ಹಾಕ್ಬಿಟ್ಟೆ." ಪಕ್ಕದ ಮೇಜಿನ ಮೇಲೆ ಕಿತ್ತಳೆ ಹಣ್ಣುಗಳಿದ್ದವು. "ನೋಡಿ, ಹಣ್ಣು ತಂದ್ಕೊಟ್ಟ. ಕೂತ್ಕೊಂಡು ಅತ್ತ. ನನ್ನ ಗಂಡನೇ ಅಷ್ಟು ಅಳ್ಲಿಲ್ಲ."

ಉಳಿದ ನಾಲ್ವರೂ ತಪ್ಪನ್ನು ತಮ್ಮ ಮೇಲೇ ಹಾಕಿಕೊಂಡರು. ನಾಲ್ವರ ಪಕ್ಕದಲ್ಲೂ ಕಿತ್ತಳೆ ಹಣ್ಣಿತ್ತು. ಮೊದಲನೆಯವಳು ಗಾಯಗೊಂಡದ್ದು ಜೂನ್ 4ಕ್ಕೆ. ಅಂದರೆ ಅಡೆರ್ಬಾಲನಿಗೆ ಹತ್ತು ದಿನಗಳಿಂದ ಗೊತ್ತಿದೆ ಎಂದು ಜುರಾಸಿ ಪುಸ್ತಕದಲ್ಲಿ ಬರೆದುಕೊಂಡ.

ಮಧ್ಯಾಹ್ನ 2.15ಕ್ಕೆ ಮಾರಿನಾಲ್ವಾಳ ಅಡುಗೆಮನೆಯಲ್ಲಿ ಇಬ್ಬರು ನೆರೆಯವರ ಸಮಕ್ಷಮ ಪಂಚನಾಮೆ ನಡೆಯಿತು. ಒಲೆ ಚಪ್ಪಟೆಯಾಗಿತ್ತು. ಮುಚ್ಚಳ ಹೆಂಚಿನ ನಡುವೆ ಸಿಕ್ಕಿಕೊಂಡಿತ್ತು, ಅದನ್ನು ಕೋಲಿನಿಂದ ಎಬ್ಬಿ ಇಳಿಸಿದರು. ಆವಿ ಹೋಗುವ ಕೊಳವೆ ಕಟ್ಟಿಕೊಂಡರೆ ತಾನೇ ಹಾರಿ ಜೀವ ಉಳಿಸಬೇಕಾದ ರಬ್ಬರಿನ ಸೇಫ್ಟಿ ವಾಲ್ವ್ ಅದರಲ್ಲಿ ಇರಲಿಲ್ಲ. ಆ ತೂತಿಗೆ ಅಲ್ಯೂಮಿನಿಯಮ್ ರಿವೆಟ್ ಬಡಿದು ಮುಚ್ಚಲಾಗಿತ್ತು. ರಿವೆಟ್ಟಿನ ತಲೆಯ ಮೇಲೆ ಉಳಿಯಿಂದ ಕೊರೆದ ಪುಟ್ಟ ನಕ್ಷತ್ರ.

ಆ ನಕ್ಷತ್ರವನ್ನು ಜುರಾಸಿ ಮೊದಲೇ ನೋಡಿದ್ದ, ಅಕ್ಕ ದಾಲ್ವೀನಾಳ ಮನೆಯಲ್ಲಿ. ಮಾರ್ಚ್ ತಿಂಗಳ ಒಂದು ಭಾನುವಾರ ಅಕ್ಕನ ಕುಕ್ಕರಿನ ರಬ್ಬರ್ ಹಾರಿ, ಬೀನ್ಸ್ ಸಾರು ಸೂರಿಗೂ ಅವನ ಹೊಸ ಅಂಗಿಗೂ ಚಿಮ್ಮಿತ್ತು. ಹಿಂದೆ ಆ ರಬ್ಬರ್ ಹಾಕಿದ್ದ ಅಡೆರ್ಬಾಲನ ರಿಪೇರಿ ವ್ಯಾನು ಆಗ ಬೀದಿಯಲ್ಲಿ ಹೋಗುತ್ತಿತ್ತು, ಅದನ್ನು ನಿಲ್ಲಿಸಿದ್ದು ಇವನೇ. ಓಣಿಯವರೆಲ್ಲ ನೋಡುತ್ತಿರುವಾಗ ನಾಲ್ಕು ಮಾತು ಬೈದಿದ್ದೂ ಇವನೇ. ಆಮೇಲೆ ಆ ಕುಕ್ಕರಿನಿಂದ ಒಂದು ಹನಿಯೂ ಚೆಲ್ಲಿರಲಿಲ್ಲ. "ಕೈಕೆಲಸ ಅಂದ್ರೆ ಇದು!" ಎಂದು ಅಕ್ಕ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದಳು.

ಫೋನ್ ಮಾಡಿದ. ಅಕ್ಕ ಎತ್ತಲಿಲ್ಲ. ಠಾಣೆಗೆ ಮರಳಿ ಸಂಜೆ 4.00ಕ್ಕೆ ಎಫ್‌ಐಆರ್ ದಾಖಲಿಸಿ, ಗುಡ್ಡದ ಮೆಟ್ಟಿಲು ಓಡುತ್ತಾ ಹತ್ತಿದ.

"ಅಕ್ಕಾ, ನಿನ್ನ ದೊಡ್ಡ ಕುಕ್ಕರ್ ಎಲ್ಲಿ?"

"ಬಂದ ಬಂದ, ಹೊಟ್ಟೆಬಾಕ! ಇವತ್ತೇನೂ ಮಾಡಿಲ್ಲ. ಕುಕ್ಕರ್ ಪಕ್ಕದ್ಮನೆ ಜಾಂಡಿರಾಗೆ ಕೊಟ್ಟೆ, ನಾಳೆ ಯಾರದೋ ಮನೆ ತಾರಸಿ ಹಾಕ್ತಾರಂತೆ."

"ಯಾರದು?"

"ನಂಗೇನು ಗೊತ್ತು? ಅವಳು ಅವಳ ನಾದಿನಿಗೆ ಕೊಟ್ಲು. ನಾದಿನಿ ಇನ್ಯಾರಿಗೆ ಕೊಟ್ಲೋ. ಪಾತ್ರೆ ಕೊಡೋವಾಗ್ಲೂ ಸಹಿ ಹಾಕಿಸ್ಕೋಬೇಕಿತ್ತೇನೋ ಪೊಲೀಸಪ್ಪಾ?"

ಗುಡ್ಡದಲ್ಲಿ ತಾರಸಿ ಹಾಕುವುದಕ್ಕೆ ಕೂಲಿಯವರನ್ನು ಕರೆಯುವುದಿಲ್ಲ. ಶನಿವಾರ ನೆರೆಹೊರೆಯವರೇ ಸೇರಿ ಕಾಂಕ್ರೀಟು ಹೊತ್ತು ಹಾಕುತ್ತಾರೆ, ಮನೆಯವರು ಎಲ್ಲರಿಗೂ ಊಟ ಹಾಕುತ್ತಾರೆ. ಮೂವತ್ತು ಜನಕ್ಕೆ ಬೇಯಿಸುವಷ್ಟು ಕುಕ್ಕರ್ ಒಂದೇ ಮನೆಯಲ್ಲಿ ಇರುವುದಿಲ್ಲ, ಹಾಗಾಗಿ ಇರುವ ದೊಡ್ಡ ಕುಕ್ಕರುಗಳು ಕೈಯಿಂದ ಕೈಗೆ ದಾಟುತ್ತಾ ಇರುತ್ತವೆ. ಅಡೆರ್ಬಾಲ್ ಯಾರ ಮನೆಯಲ್ಲಿ ರಿಪೇರಿ ಮಾಡಿದ ಎಂದು ಗೊತ್ತಾದರೂ ಪ್ರಯೋಜನವಿಲ್ಲ. ವಿಷಯ ತಿಳಿದ ಮೇಲೆ ದಾಲ್ವೀನಾ ತಲೆಯ ಮೇಲೆ ಕೈಹೊತ್ತು ಕುಳಿತಳು.

"ಅಯ್ಯೋ ದೇವರೇ, ನನ್ನ ಕೈಯಾರೆ ಕೊಟ್ನಲ್ಲೋ! ಯಾರಿಗಾದ್ರೂ ಏನಾದ್ರೂ ಆದ್ರೆ ನಾನು ಹೆಂಗೆ ಬದುಕ್ಲೋ?"

"ಹುಡುಕ್ತೀನಕ್ಕಾ, ಸುಮ್ನಿರು," ಎಂದ. ಹೇಗೆ ಎಂದು ಅವನಿಗೂ ಗೊತ್ತಿರಲಿಲ್ಲ.

ಅಡೆರ್ಬಾಲನ ಮನೆಗೆ ಬೀಗ. ರಬ್ಬರು, ಹಿಡಿಕೆ ತರಲು ದೂರದ ಕರುವಾರು ಊರಿನ ಪೇಟೆಗೆ ಹೋಗಿದ್ದಾನೆ, ಬೆಳಿಗ್ಗೆ ನೇರ ಗುಡ್ಡಕ್ಕೇ ಬರುತ್ತಾನೆ ಎಂದರು ಪಕ್ಕದವರು. ಕತ್ತಲಾಗುವವರೆಗೆ ವಾಂಡರ್ಲೇ ಬಾಗಿಲು ಬಾಗಿಲು ಬಡಿದ. ಪೊಲೀಸ್ ಬೂಟಿನ ಸದ್ದಿಗೆ ಸಾಬಿಯಾ ಗುಡ್ಡದ ಕಿಟಕಿಗಳು ಮುಚ್ಚಿಕೊಳ್ಳುತ್ತವೆ, ಇದು ಇವತ್ತಿನ ಮಾತಲ್ಲ. ಎಂಬತ್ತು ಬಾಗಿಲಲ್ಲಿ ತೆರೆದದ್ದು ಆರು, ಅದರಲ್ಲಿ ಎರಡು ವಾಂಡರ್ಲೇಯ ಅತ್ತೆಯ ಕಡೆಯವರದು.

ಶನಿವಾರ, ಜೂನ್ 15, ಬೆಳಿಗ್ಗೆ 9.50. ಗುಡ್ಡದ ಬುಡದ ಮೀನುಪೇಟೆಯ ತಿರುವಿನಲ್ಲಿ ಹಳೆಯ ವ್ಯಾನು ಕಾಣಿಸಿತು. ತಲೆಯ ಮೇಲೆ ಧ್ವನಿವರ್ಧಕ, ಅದರೊಳಗಿಂದ ಅಡೆರ್ಬಾಲನದೇ ಹಾಡಿನಂಥ ಕೂಗು: "ಅಮ್ಮಂದಿರೇ, ಅಕ್ಕಂದಿರೇ, ಅಡೆರ್ಬಾಲ್ ಬಂದ! ಕುಕ್ಕರ್ ತನ್ನಿ, ಬಾಣಲೆ ತನ್ನಿ!" ಜುರಾಸಿ ಅಡ್ಡ ನಿಂತ. ಅರವತ್ತು ದಾಟಿದ, ತೆಳ್ಳನೆಯ ಮನುಷ್ಯ ಇಳಿದು ತಾನಾಗಿಯೇ ಎರಡೂ ಕೈ ಮುಂದೆ ಚಾಚಿದ.

"ಎಷ್ಟು ಕುಕ್ಕರ್ ತೂತು ಮುಚ್ಚಿದ್ದೀಯ?"

"ಅರವತ್ತರ ಮೇಲಿರ್ಬೇಕು ಸಾರ್."

"ಮೊದಲ್ನೇದು ಸಿಡಿದಾಗ್ಲೇ ಗೊತ್ತಾಯ್ತಲ್ಲ?"

"ಗೊತ್ತಾಯ್ತು."

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?"

"ದಿನಾ ಬೆಳಿಗ್ಗೆ ಹೇಳ್ಬೇಕು ಅಂದ್ಕೊಂಡೇ ಬರ್ತಿದ್ದೆ ಸಾರ್. ಮೈಕ್ ಕೈಗೆ ತಗೊಂಡ್ರೆ ಗಂಟಲು ಕಟ್ಟೋದು."

ಆಗಲೇ ಗುಡ್ಡದ ಮೇಲಿಂದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬರುತ್ತಿತ್ತು. ಜುರಾಸಿ ವ್ಯಾನಿನ ತಲೆಯ ಮೇಲಿನ ಧ್ವನಿವರ್ಧಕ ನೋಡಿದ. ಪೊಲೀಸರಿಗೆ ತೆರೆಯದ ಬಾಗಿಲು ಇವನ ಕೂಗಿಗೆ ಇಪ್ಪತ್ತು ವರ್ಷಗಳಿಂದ ತೆರೆದಿದೆ.

"ವ್ಯಾನ್ ಹತ್ತು. ಇವತ್ತು ಗಂಟಲು ಕಟ್ಟೋ ಹಾಗಿಲ್ಲ."

ವಾಂಡರ್ಲೇ ಟೋಪಿ ತೆಗೆದಿಟ್ಟು ಸ್ಟಿಯರಿಂಗ್ ಹಿಡಿದ. ಮಾಮೂಲಿ ಕೂಗು ಎರಡು ಸಲ ಹೋಯಿತು, ಹೆಂಗಸರು ಹೊರಬಂದರು. ಆಮೇಲೆ ಅಡೆರ್ಬಾಲ್ ತಾನೇ ಮೈಕ್ ಹಿಡಿದ.

"ಅಮ್ಮಂದಿರೇ, ನಕ್ಷತ್ರ ಇರೋ ಕುಕ್ಕರ್ ಒಲೆ ಮೇಲಿದ್ರೆ ಗ್ಯಾಸ್ ಆರಿಸಿ. ಮುಟ್ಬೇಡಿ, ತೆಗೀಬೇಡಿ, ಹೊರಗೆ ಬನ್ನಿ. ಅದು ಸಿಡಿಯುತ್ತೆ."

"ಏನಣ್ಣಾ, ಬೆಳ್‌ಬೆಳಿಗ್ಗೆನೇ ಹಾಕ್ಕೊಂಡಿದ್ದೀಯಾ?" ಎಂದಳು ಒಬ್ಬಳು. ಓಣಿಯೆಲ್ಲ ನಕ್ಕಿತು.

"ಕುಡಿದಿಲ್ಲ ತಾಯಿ. ಮಾರಿನಾಲ್ವಾ ಕಣ್ಣು ಹೋಗಿದ್ದು ನನ್ನಿಂದಾನೇ."

ನಗು ನಿಂತಿತು. ಒಳಗೆ ಯಾರೋ ಓಡಿದರು. ಮುಂದಿನ ಒಂದು ಗಂಟೆ ಅವನು ಅದನ್ನೇ ಹೇಳಿದ, ಓಣಿ ಓಣಿಗೆ, ಸ್ವರ ಬಿದ್ದುಹೋಗುವವರೆಗೆ. ಆರಿದ ಕುಕ್ಕರುಗಳ ಮುಚ್ಚಳಗಳು ವ್ಯಾನಿನೊಳಗೆ ಬಂದು ಬಿದ್ದವು, ಜೊತೆಗೆ ಹಿಡಿ ಹಿಡಿ ಶಾಪ. ಒಬ್ಬಳು ಚಪ್ಪಲಿ ಎಸೆದಳು. 11.25ಕ್ಕೆ ವಾಂಡರ್ಲೇ ಐವತ್ತೆಂಟು ಎಂದ. ಜುರಾಸಿ ಒಂದೊಂದನ್ನೂ ತಿರುಗಿಸಿ ನೋಡಿದ. ಅಕ್ಕ ಕೆಂಪು ತಂತಿ ಸುತ್ತಿದ್ದ ಹಿಡಿಕೆ ಎಲ್ಲೂ ಇರಲಿಲ್ಲ.

ವ್ಯಾನು ಹೋಗುವ ದಾರಿ ಅಲ್ಲಿಗೆ ಮುಗಿದಿತ್ತು. ಮೇಲೆ ಬರೀ ಮೆಟ್ಟಿಲು. ಅಷ್ಟರಲ್ಲಿ ಕಾಂಕ್ರೀಟು ತುಂಬಿದ ಡಬ್ಬ ಹೆಗಲ ಮೇಲಿಟ್ಟುಕೊಂಡ ಒಬ್ಬ ಪಕ್ಕದಿಂದ ಹತ್ತಿಹೋದ. ಜುರಾಸಿ ಅವನ ಬೆನ್ನು ಹತ್ತಿ ಓಡಿದ. ತುದಿಯ ಮನೆಯ ಮೇಲೆ ಇಪ್ಪತ್ತು ಜನ ಗಂಡಸರು ತಾರಸಿ ಹಾಕುತ್ತಿದ್ದರು. ಸಲಿಕೆಯ ಸದ್ದು, ಅಕಾರ್ಡಿಯನ್ ಹಾಡು, ಕೇಕೆ. ಈ ಗದ್ದಲದಲ್ಲಿ ಧ್ವನಿವರ್ಧಕವಲ್ಲ, ಗುಡುಗಿದರೂ ಕೇಳುತ್ತಿರಲಿಲ್ಲ. ಕೆಳಗಿನ ಅಡುಗೆಮನೆಯಲ್ಲಿ ಬಸುರಿ ಹೆಂಗಸೊಬ್ಬಳು ಒಲೆಗೆ ಆತುಕೊಂಡು ಸೊಪ್ಪು ಹೆಚ್ಚುತ್ತಿದ್ದಳು. ಒಲೆಯ ಮೇಲೆ ಕೆಂಪು ತಂತಿಯ ಹಿಡಿಕೆ.

"ಅಮ್ಮಾ, ಕುಕ್ಕರ್ ಬುಸುಗುಡ್ತಿದೆಯಾ?"

"ಸುಮ್ಮನಾಗಿ ಹತ್ತು ನಿಮಿಷ ಆಯ್ತು. ಒಳ್ಳೆ ಕುಕ್ಕರು, ಗಲಾಟೆನೇ ಇಲ್ಲ. ನೀವ್ಯಾರು?"

ಸುಮ್ಮನಾಗಿದೆ ಎಂದರೆ ಕೊಳವೆ ಕಟ್ಟಿಕೊಂಡಿದೆ. ಅವಳ ತೋಳು ಹಿಡಿದು ಹೊರಗೆ ಎಳೆದು ಬಿಟ್ಟ. ತಾನು ನೆಲಕ್ಕೆ ಬಿದ್ದು ತೆವಳಿದ. ಸಿಲಿಂಡರ್ ಒಲೆಯ ಕೆಳಗೇ ಇತ್ತು. ತಲೆಗೆ ಒಂದು ಮೊಳ ಮೇಲೆ ಕುಕ್ಕರು ಟಿಕ್ ಟಿಕ್ ಎನ್ನುತ್ತಿತ್ತು. ಅವನಿಗೆ ಹೆದರಿಕೆಯಾಯಿತು, ಹೆಂಡತಿ ಮಕ್ಕಳಲ್ಲ, ಅಕ್ಕನ ಮುಖ ನೆನಪಾಯಿತು. ಬೆವರಿದ ಕೈಯಿಂದ ಗುಂಡಿ ಜಾರಿತು. ಎರಡನೇ ಸಲ ತಿರುಗಿತು. ಹಾಗೇ ಹಿಂದಕ್ಕೆ ತೆವಳಿಕೊಂಡು ಬಂದು, ತಾರಸಿಯ ಮೇಲಿನವರನ್ನೆಲ್ಲ ಕೆಳಗಿಳಿಸಿದ.

ಒಂದು ಗಂಟೆ ಎಲ್ಲರೂ ಮೆಟ್ಟಿಲ ಮೇಲೆ ಕಾದರು. ಕಾಂಕ್ರೀಟು ಗಟ್ಟಿಯಾಗುತ್ತಿದೆ ಎಂದು ಮನೆಯವನು ಗೊಣಗಿದ. ಬಸುರಿಯೇ ಅವನ ಬಾಯಿ ಮುಚ್ಚಿಸಿದಳು. ಕುಕ್ಕರು ಸಿಡಿಯಲಿಲ್ಲ, ತಣ್ಣಗಾಯಿತು. ಮುಚ್ಚಳ ತೆಗೆದು ಜುರಾಸಿ ಕೊಳವೆಯೊಳಗೆ ಕಡ್ಡಿ ಹಾಕಿದಾಗ ಬೀನ್ಸ್ ಕಾಳಿನ ಒಂದು ಸಿಪ್ಪೆ ಹೊರಬಂತು. ಅದನ್ನು ಕಾಗದದಲ್ಲಿ ಸುತ್ತಿ ಪಂಚನಾಮೆಗೆ ಸೇರಿಸಿದ.

ಮಧ್ಯಾಹ್ನ 3.30ಕ್ಕೆ ಠಾಣೆಯಲ್ಲಿ ಅಡೆರ್ಬಾಲನ ಬಂಧನ ದಾಖಲಾಯಿತು. ಹೇಳಿಕೆ ಬರೆದುಕೊಳ್ಳಲು ಜುರಾಸಿಯೇ ಕುಳಿತ. ಅಡೆರ್ಬಾಲನ ಸ್ವರ ಪಿಸುಮಾತಿಗೆ ಇಳಿದಿತ್ತು.

"ಇಪ್ಪತ್ತು ವರ್ಷ ಸರಿಯಾಗೇ ಮಾಡ್ದೋನು, ತೂತು ಮುಚ್ಚೋದು ಯಾಕೆ ಶುರು ಮಾಡ್ದೆ?"

"ರಬ್ಬರ್ ಹಾರೋದು ಒಳ್ಳೇದಕ್ಕೇ ಸಾರ್. ಆದ್ರೆ ಸಾರು ಚೆಲ್ಲಿದ್ರೆ ಜನ ನನ್ನನ್ನೇ ಬೈಯೋರು. ಒಂದ್ಸಲ ತುಂಬಾ ಹೆದ್ರಿಸ್ಬಿಟ್ರು. ಮುಚ್ಬಿಟ್ರೆ ಚೆಲ್ಲೋ ತಂಟೆನೇ ಇಲ್ವಲ್ಲ ಅನ್ನಿಸ್ತು. ಮುಚ್ಚಿದೆ. ಮೇಲೆ ನನ್ನ ಗುರುತು ಅಂತ ನಕ್ಷತ್ರ ಕೊರೆದೆ. ಎಲ್ರೂ ಹೊಗಳಿದ್ರು. ನಂಗೂ ಅದೇ ಬೇಕು ಅಂತ ಕ್ಯೂ ನಿಂತ್ರು. ಯಾರೂ ನನ್ನ ಅಷ್ಟು ಹೊಗಳಿರ್ಲಿಲ್ಲ ಸಾರ್."

"ಮೊದಲು ಮುಚ್ಚಿದ್ದು ಯಾರ ಕುಕ್ಕರು?"

ಅಡೆರ್ಬಾಲ್ ತಲೆ ಎತ್ತಿ ಅವನನ್ನೇ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ.

"ದಾಲ್ವೀನಕ್ಕಂದು. ಮಾರ್ಚಲ್ಲಿ. 'ಇನ್ನೊಂದ್ಸಲ ಇದು ಚೆಲ್ಲಿದ್ರೆ ನಿನ್ನ ಒಳಗೆ ಹಾಕ್ತೀನಿ' ಅಂದ್ರಲ್ಲ, ನೀವು."

ಬಾಗಿಲಲ್ಲಿ ನಿಂತಿದ್ದ ವಾಂಡರ್ಲೇ ಮುಖ ತಿರುಗಿಸಿಕೊಂಡ. "ಅದೆಲ್ಲಾ ಬರೀಬೇಕಾ ಸಾರ್?" ಎಂದು ಮೆಲ್ಲಗೆ ಕೇಳಿದ.

ಜುರಾಸಿ ಬರೆದ. ಆರೋಪಿಯನ್ನು ಹೆದರಿಸಿದ ವ್ಯಕ್ತಿಯ ಹೆಸರು ಎಂಬಲ್ಲಿ ತನ್ನ ಪೂರ್ತಿ ಹೆಸರು, ಹುದ್ದೆ ಎರಡನ್ನೂ ಬರೆದು, ಈ ತನಿಖೆಯನ್ನು ಬೇರೆ ಅಧಿಕಾರಿಗೆ ವಹಿಸಬೇಕೆಂದು ಕೆಳಗೆ ಒಂದು ಸಾಲು ಸೇರಿಸಿದ. ಸಮಯ 4.10. ಆಮೇಲೆ ಐದು ಕಿತ್ತಳೆ ಹಣ್ಣು ಕೊಂಡು ಆಸ್ಪತ್ರೆಯ ಕಡೆ ನಡೆದ. ಮಾರಿನಾಲ್ವಾಳ ವಾರ್ಡಿನ ಬಾಗಿಲ ತನಕ ಹೋಗಿ, ಹಣ್ಣಿನ ಚೀಲ ಇನ್ನೊಂದು ಕೈಗೆ ದಾಟಿಸಿ, ಬಾಗಿಲು ತಟ್ಟಿದ.